ಲೆಕ್ಕಕ್ಕೆ ಸೇರದ ಹನ್ನೊಂದನೆಯದು

ಅಮೆರಿಕದ ಕಾಲೇಜು ಹಾಕಿಯ ಬಗ್ಗೆ ಬರೆಯುವವರು ಕರೆನ್ ಶೆಲ್ಟನ್ ಹೆಸರೆತ್ತಿದ ಕೂಡಲೇ ಅಂಕಿಗಳನ್ನು ಸುರಿಯತೊಡಗುತ್ತಾರೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1981ರಿಂದ 2022ರವರೆಗೆ 42 ಸೀಸನ್ ಕೋಚ್. 745 ಗೆಲುವು, 172 ಸೋಲು, 9 ಡ್ರಾ. 10 ರಾಷ್ಟ್ರೀಯ ಪ್ರಶಸ್ತಿ. ಕೊನೆಯ ಸೀಸನ್‌ನಲ್ಲಿ 21ಕ್ಕೆ 21 ಪಂದ್ಯ ಗೆದ್ದು ನಿವೃತ್ತಿ. ಇದಿಷ್ಟೂ ನಿಜ. ಆದರೆ ಈ ಅಂಕಿಗಳನ್ನು ಕೂಡಿ ಕಳೆದು, ‘ಆದ್ದರಿಂದ ಶೆಲ್ಟನ್ ಸಾರ್ವಕಾಲಿಕ ಶ್ರೇಷ್ಠ ಕೋಚ್’ ಎಂದು ಕೊಡುವ ತೀರ್ಪಿಗೆ ನನ್ನ ತಕರಾರಿದೆ. ಅವರ ದೊಡ್ಡತನದ ಬಗ್ಗೆ ನನಗೆ ಅನುಮಾನವಿಲ್ಲ. ಆ ದೊಡ್ಡತನ ಎಲ್ಲಿದೆಯೋ ಅಲ್ಲಿಗೆ ಈ ಅಳತೆಗೋಲು ಮುಟ್ಟುವುದೇ ಇಲ್ಲ.

ಮೊದಲು ಹತ್ತು-ಒಂಬತ್ತರ ಜಗಳ ಮುಗಿಸಿಬಿಡೋಣ. ವರ್ಜೀನಿಯಾದ ನಾರ್ಫೋಕ್‌ನಲ್ಲಿರುವ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯಕ್ಕೆ ಬೆತ್ ಆಂಡರ್ಸ್ 9 ಪ್ರಶಸ್ತಿ ತಂದುಕೊಟ್ಟರು. 1982ರಿಂದ 84ರವರೆಗೆ ಸತತ ಮೂರು, 1990ರಿಂದ 92ರವರೆಗೆ ಮತ್ತೆ ಸತತ ಮೂರು. ಜೊತೆಗೆ ಸತತ 66 ಪಂದ್ಯ ಗೆದ್ದ ದಾಖಲೆ. ಆಂಡರ್ಸ್ ಮತ್ತು ಶೆಲ್ಟನ್ ಒಂದೇ ಕಾಲದವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಜೊತೆಗೇ ಆಡಿದವರು. ಆಂಡರ್ಸ್ 2012ರಲ್ಲಿ ಕೋಚಿಂಗ್ ಬಿಟ್ಟರು. ಶೆಲ್ಟನ್ ಒಂಬತ್ತನೆಯದನ್ನು ಗೆದ್ದು ಅವರಿಗೆ ಸಮನಾದದ್ದು 2020ರ ಸೀಸನ್‌ನಲ್ಲಿ, ದಾಟಿದ್ದು 2022ರ ನವೆಂಬರ್‌ನಲ್ಲಿ. ಆ ಫೈನಲ್ ಮುಗಿಯಲು ಎರಡು ನಿಮಿಷವೂ ಉಳಿದಿರದಾಗ ನಾರ್ತ್ ಕೆರೊಲಿನಾದ ಎರಿನ್ ಮ್ಯಾಟ್ಸನ್ ಗೋಲು ಹೊಡೆದರು, ನಾರ್ತ್‌ವೆಸ್ಟರ್ನ್ ತಂಡ 2-1ರಿಂದ ಸೋತಿತು. ಪ್ರಶಸ್ತಿ ಎಣಿಸುವವರ ತರ್ಕ ಹಿಡಿದು ಹೊರಟರೆ, ನಾಲ್ಕು ದಶಕಗಳ ಇಬ್ಬರು ಕೋಚ್‌ಗಳಲ್ಲಿ ಯಾರು ಹೆಚ್ಚು ಎಂಬುದು ಒಬ್ಬ ಆಟಗಾರ್ತಿಯ ಒಂದು ಹೊಡೆತದಲ್ಲಿ ತೀರ್ಮಾನವಾಯಿತು ಎನ್ನಬೇಕಾಗುತ್ತದೆ. ಹಾಗೆ ಹೇಳಲು ಯಾವ ವಿಮರ್ಶಕನಿಗೂ ಬಾಯಿ ಬರಲಾರದು. ಆದರೂ ಎಲ್ಲರೂ ಬರೆಯುತ್ತಿರುವುದು ಅದನ್ನೇ.

ಇದಕ್ಕೆ ಪ್ರತಿಯಾಗಿ, ‘ನಾರ್ತ್ ಕೆರೊಲಿನಾದಂಥ ದುಡ್ಡಿರುವ, ಹೆಸರಿರುವ ಸಂಸ್ಥೆಯಲ್ಲಿ ಕೂತು ಯಾರು ಬೇಕಾದರೂ ಗೆಲ್ಲಬಹುದಿತ್ತು’ ಎನ್ನುವವರೂ ಇದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಆಡುವ ತಂಡಕ್ಕೆ ಗಟ್ಟಿ ಎದುರಾಳಿಗಳು ತಾವಾಗಿಯೇ ಸಿಗುತ್ತಾರೆ, ಒಳ್ಳೆಯ ಹುಡುಗಿಯರೂ ಅಲ್ಲಿಗೇ ಬರಬಯಸುತ್ತಾರೆ. ಓಲ್ಡ್ ಡೊಮಿನಿಯನ್‌ಗೆ ಆ ಭಾಗ್ಯವಿರಲಿಲ್ಲ. 2000ದ ನಂತರ ಆಂಡರ್ಸ್ ಒಂದೂ ಪ್ರಶಸ್ತಿ ಗೆಲ್ಲಲಿಲ್ಲ. ಆದರೆ ಅದೇ ಕಾನ್ಫರೆನ್ಸ್‌ನಲ್ಲಿ ಡ್ಯೂಕ್ ಇದೆ, ವರ್ಜೀನಿಯಾ ಇದೆ. ಎರಡಕ್ಕೂ ಹಣದ ಕೊರತೆಯಿಲ್ಲ, ಎರಡೂ ಮಹಿಳಾ ಹಾಕಿಯಲ್ಲಿ ಒಂದು ಸಲವೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿಲ್ಲ. ಸ್ಕಾಲರ್‌ಶಿಪ್‌ಗಳ ಮಿತಿಯೂ ಅಂದು ಎಲ್ಲ ತಂಡಗಳಿಗೂ ಒಂದೇ, ಹನ್ನೆರಡು. ಸಾಲದ್ದಕ್ಕೆ ನಾರ್ತ್ ಕೆರೊಲಿನಾದಲ್ಲಿ ಶಾಲಾ ಹಾಕಿ ಇಲ್ಲವೆನ್ನುವಷ್ಟು ಕಡಿಮೆ. ಆಟ ಬೇರುಬಿಟ್ಟಿರುವುದು ಉತ್ತರದ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಯ ಕಡೆ. ಹದಿನಾರು ಹದಿನೇಳರ ಹುಡುಗಿಯರನ್ನು ಅಲ್ಲಿಂದ ದಕ್ಷಿಣಕ್ಕೆ ಕರೆತರುವುದು ಕೋಚ್‌ನ ಕೆಲಸದ ಅರ್ಧ ಭಾಗ. ಗೆಲುವಿನ ಪಟ್ಟಿ ಅದನ್ನು ತೋರಿಸುವುದಿಲ್ಲ.

ಹಾಗಾದರೆ ಶೆಲ್ಟನ್‌ರನ್ನು ಎಲ್ಲಿ ಓದಬೇಕು? ನನ್ನ ಉತ್ತರ: 2010ರಿಂದ 2016ರವರೆಗಿನ ಏಳು ವರ್ಷಗಳಲ್ಲಿ. ಎಲ್ಲ ಬರಹಗಳೂ ಅದನ್ನು ‘ಬರಗಾಲ’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಆ ಏಳು ವರ್ಷಗಳಲ್ಲಿ ತಂಡ ಐದು ಸಲ ಫೈನಲ್‌ಗೆ ಹೋಯಿತು, ಐದೂ ಸಲ ಸೋತಿತು. 2010ರಲ್ಲೂ 2011ರಲ್ಲೂ ಮೇರಿಲ್ಯಾಂಡ್ ಎದುರು, 2012ರಲ್ಲಿ ಪ್ರಿನ್ಸ್‌ಟನ್ ಎದುರು, 2015ರಲ್ಲಿ ಸಿರಕ್ಯೂಸ್ ಎದುರು, 2016ರಲ್ಲಿ ಡೆಲವೇರ್ ಎದುರು. ಕಾಲೇಜು ಹಾಕಿಯ ಒಂದು ಮೂಲಭೂತ ಸಂಗತಿಯನ್ನು ಇಲ್ಲಿ ನೆನಪಿಡಬೇಕು. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಆಟಗಾರ್ತಿ ಪದವಿ ಪಡೆದು ಹೊರಡುತ್ತಾಳೆ. 2010ರ ಫೈನಲ್ ಆಡಿದ ಯಾರೂ 2016ರ ತಂಡದಲ್ಲಿಲ್ಲ. ಗೋಲ್‌ಕೀಪರ್ ಬದಲು, ಪೆನಾಲ್ಟಿ ಕಾರ್ನರ್ ಹೊಡೆಯುವವರು ಬದಲು, ಮಿಡ್‌ಫೀಲ್ಡ್ ಇಡಿಯಾಗಿ ಬದಲು. ಬದಲಾಗದೆ ಉಳಿದದ್ದು ಸೈಡ್‌ಲೈನಿನಲ್ಲಿ ನಿಂತ ಹೆಂಗಸು. ಕೋಚಿಂಗ್ ಎಂಬುದನ್ನು ಆಟಗಾರ್ತಿಯರಿಂದ ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಪುರಾವೆ ಎಲ್ಲಿ ಸಿಗುತ್ತದೆ?

ಈಗ ಗೆದ್ದ ವರ್ಷಗಳನ್ನು ಪಕ್ಕದಲ್ಲಿಟ್ಟು ನೋಡಿ. ಹತ್ತರಲ್ಲಿ ನಾಲ್ಕು ಪ್ರಶಸ್ತಿಗಳು (2018, 2019, 2020, 2022) ಬಂದದ್ದು ಮ್ಯಾಟ್ಸನ್ ಆಡುತ್ತಿದ್ದಾಗ. 2007ರ ಅಜೇಯ ತಂಡದಲ್ಲಿ ಮುಂದೆ ಒಲಿಂಪಿಕ್ಸ್ ಆಡಿದ ರೇಚಲ್ ಡಾಸನ್ ಇದ್ದರು. ಪ್ರಶಸ್ತಿಗೆ ಅಸಾಮಾನ್ಯ ಆಟಗಾರ್ತಿ ಬೇಕು; ಫೈನಲ್‌ವರೆಗೆ ಕೋಚ್ ಕರೆದೊಯ್ಯಬಲ್ಲರು. ಈ ಸೂತ್ರ ಎಲ್ಲೆಡೆ ಒಪ್ಪುತ್ತದೆ ಎಂದು ಹಟ ಹಿಡಿಯಲಾರೆ. 1995, 96, 97ರ ಹ್ಯಾಟ್ರಿಕ್ ಇದಕ್ಕೆ ಅಷ್ಟು ಸಲೀಸಾಗಿ ಬಗ್ಗುವುದಿಲ್ಲ. ಮ್ಯಾಟ್ಸನ್ ಇದ್ದೂ 2021ರಲ್ಲಿ ತಂಡ ಏಳು ಪಂದ್ಯ ಸೋತು, ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ನಾರ್ತ್‌ವೆಸ್ಟರ್ನ್‌ಗೆ ಶರಣಾಯಿತು. ಶೆಲ್ಟನ್ ಭಕ್ತರು ಆ ವರ್ಷವನ್ನು ಅಪಘಾತವೆಂದು ತಳ್ಳಿಹಾಕುತ್ತಾರೆ. ನನಗೆ ಅವರ ವೃತ್ತಿಜೀವನದ ಅತ್ಯಂತ ಕುತೂಹಲದ ಭಾಗ ಅದೇ. ಸತತ ಮೂರು ಪ್ರಶಸ್ತಿ ಗೆದ್ದು, ದೇಶದ ಅತ್ಯುತ್ತಮ ಆಟಗಾರ್ತಿಯನ್ನು ಇಟ್ಟುಕೊಂಡು ಹೀಗೆ ಕುಸಿದವರು, ನಲವತ್ತು ವರ್ಷ ಕೋಚಿಂಗ್ ಮಾಡಿದ ಮೇಲೆ, ಮರುವರ್ಷ ಒಂದೂ ಪಂದ್ಯ ಸೋಲದ ತಂಡ ಕಟ್ಟಿದರು. ಆ ಹನ್ನೆರಡು ತಿಂಗಳ ಬಗ್ಗೆ ಯಾರಾದರೂ ಒಂದು ಪುಸ್ತಕ ಬರೆದರೆ ಹತ್ತು ಟ್ರೋಫಿಗಳ ಫೋಟೊ ಆಲ್ಬಮ್ಮಿಗಿಂತ ಬೆಲೆಬಾಳುತ್ತದೆ.

ಇನ್ನು ಉತ್ತರಾಧಿಕಾರದ ಕಥೆ. 2023ರ ಜನವರಿಯಲ್ಲಿ 22 ವರ್ಷದ ಮ್ಯಾಟ್ಸನ್ ಮುಖ್ಯ ಕೋಚ್ ಆದರು. ಹಿಂದಿನ ನವೆಂಬರಿನಲ್ಲಿ ಯಾರ ಜೊತೆ ಆಡಿದ್ದರೋ ಅವರಿಗೇ ಕೋಚ್. ಅದೇ ವರ್ಷ ತಂಡ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾರ್ತ್‌ವೆಸ್ಟರ್ನ್ ಎದುರೇ, ಶೂಟೌಟ್‌ನಲ್ಲಿ, ಚಾಪೆಲ್ ಹಿಲ್‌ನ ಕರೆನ್ ಶೆಲ್ಟನ್ ಸ್ಟೇಡಿಯಂನಲ್ಲಿ. ಪವಾಡ ಎಂದರು. ಕೋಚಿಂಗ್ ಅನುಭವವೇ ಇಲ್ಲದವರು ಮೊದಲ ವರ್ಷವೇ ಪ್ರಶಸ್ತಿ ಗೆಲ್ಲಬಹುದಾದರೆ, ಒಂದೋ ಕೋಚ್‌ನಿಂದ ಆಗುವುದು ಅಷ್ಟಕ್ಕಷ್ಟೇ; ಇಲ್ಲವೇ ಆ ಪ್ರಶಸ್ತಿಯನ್ನು ಗೆದ್ದ ಮನೆಯನ್ನು ಬೇರೆ ಯಾರೋ ಕಟ್ಟಿಟ್ಟಿದ್ದರು. ಮೊದಲನೆಯದನ್ನು ಒಪ್ಪಿದರೆ ಶೆಲ್ಟನ್‌ರ ಹತ್ತೂ ಹಗುರವಾಗುತ್ತವೆ. ಎರಡನೆಯದನ್ನು ಒಪ್ಪಿದರೆ ಹನ್ನೊಂದನೆಯದೂ ಬಹುಪಾಲು ಅವರದೇ. ನಾನು ಎರಡನೆಯದರ ಕಡೆ. ಆದರೆ ದಾಖಲೆ ಪುಸ್ತಕದಲ್ಲಿ ಆ ಗೆಲುವಿಗೆ ಒಂದೇ ಹೆಸರು, ಮ್ಯಾಟ್ಸನ್. ಮರುವರ್ಷ ತಂಡ ಫೈನಲ್ ಮುಟ್ಟಲಿಲ್ಲ. ಆ ನೇಮಕವೂ ನನಗೆ ಮೆಚ್ಚುಗೆಯಾಗಲಿಲ್ಲ, ಗೆದ್ದ ಮೇಲೂ ಆಗಿಲ್ಲ. ಹತ್ತಾರು ವರ್ಷ ಸಹಾಯಕ ಕೋಚ್‌ಗಳಾಗಿ ದುಡಿಯುವ ಮಹಿಳೆಯರಿಗೆ, ‘ನೀವು ಕಲಿತದ್ದಕ್ಕಿಂತ ನಕ್ಷತ್ರದ ಹೊಳಪು ದೊಡ್ಡದು’ ಎಂದು ಹೇಳಿದಂತಾಯಿತು.

ಮೆಚ್ಚುಗೆಯಲ್ಲಿ ಕತ್ತರಿಸಬೇಕಾದ್ದು ಇನ್ನೊಂದಿದೆ: ಶೆಲ್ಟನ್ ಅಮೆರಿಕದ ಹಾಕಿಯನ್ನೇ ಕಟ್ಟಿದರು ಎಂಬ ಮಾತು. 1984ರ ಕಂಚಿನ ನಂತರ ಅಮೆರಿಕದ ಮಹಿಳೆಯರು ಒಲಿಂಪಿಕ್ ಪದಕ ಕಂಡಿಲ್ಲ. ನಮ್ಮವರಿಗೆ 2019ರ ನವೆಂಬರ್ ಮೊದಲ ವಾರದ ಭುವನೇಶ್ವರ ಮರೆತಿರಲಾರದು. ಟೋಕಿಯೊ ಅರ್ಹತೆಗಾಗಿ ಎರಡು ಪಂದ್ಯ. ಮೊದಲನೆಯದರಲ್ಲಿ ಭಾರತಕ್ಕೆ 5-1 ಗೆಲುವು. ಅಮೆರಿಕದ ಆ ಒಂದು ಗೋಲು ಮ್ಯಾಟ್ಸನ್‌ರದು. ಮರುದಿನ ಅಮೆರಿಕ 4-0 ಮುಂದಿದ್ದಾಗ ರಾಣಿ ರಾಂಪಾಲ್ ಹೊಡೆದ ಗೋಲಿನಿಂದ ಒಟ್ಟು ಲೆಕ್ಕ 6-5 ಆಗಿ ಟೋಕಿಯೊ ಟಿಕೆಟ್ ಭಾರತದ ಪಾಲಾಯಿತು. ಅದೇ ತಿಂಗಳು ನಾರ್ತ್ ಕೆರೊಲಿನಾ ಪ್ರಿನ್ಸ್‌ಟನ್ ತಂಡವನ್ನು 6-1ರಿಂದ ಸದೆಬಡಿದು ಸತತ ಎರಡನೇ ಅಜೇಯ ಸೀಸನ್ ಮುಗಿಸಿತು. ಎರಡೂ ಒಂದೇ ದೇಶದ ಹಾಕಿ. ಇದು ಶೆಲ್ಟನ್‌ರ ತಪ್ಪಲ್ಲ: ಅವರಿಗೆ ಸಂಬಳ ಕೊಟ್ಟದ್ದು ಕಾಲೇಜು, ಕಾಲೇಜಿಗೆ ಬೇಕಿದ್ದದ್ದು ಆಗಸ್ಟ್‌ನಿಂದ ನವೆಂಬರ್‌ವರೆಗಿನ ಗೆಲುವು. ಅದನ್ನು ಅವರಂತೆ ಕೊಟ್ಟವರಿಲ್ಲ. ದೇಶದ ಹಾಕಿಯ ಹೊಣೆ ಅವರ ಒಪ್ಪಂದದಲ್ಲಿ ಇರಲಿಲ್ಲವಾದ್ದರಿಂದ ಅದರ ಕೀರ್ತಿಯನ್ನೂ ಅವರ ಹೆಸರಿಗೆ ಬರೆಯುವುದು ಬೇಡ.

ಕಾಲೇಜುಗಳು ದೇಶಕ್ಕೆ ಏನೂ ಕೊಡುವುದಿಲ್ಲ ಎಂದೂ ಇದರರ್ಥವಲ್ಲ. 2024ರ ಜನವರಿಯಲ್ಲಿ ರಾಂಚಿಯ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ ಅಮೆರಿಕ ಭಾರತವನ್ನು 1-0ಯಿಂದ ಸೋಲಿಸಿತು. ಕೊನೆಗೆ ಪ್ಯಾರಿಸ್‌ಗೆ ಹೋದದ್ದು ಅಮೆರಿಕ, ಉಳಿದದ್ದು ಭಾರತ. ಗೋಲು ಹೊಡೆದ ಅಬಿಗೇಲ್ ಟೇಮರ್ ಆಗ ಮಿಷಿಗನ್ ವಿಶ್ವವಿದ್ಯಾಲಯದ ಆಟಗಾರ್ತಿ. ಮಿಷಿಗನ್ ಕೋಚ್‌ಗಳ ಸೋಲು-ಗೆಲುವಿನ ಪಟ್ಟಿಯಲ್ಲಿ ಆ ಗೋಲಿಗೆ ಯಾವ ಕಾಲಮ್ಮೂ ಇಲ್ಲ.