ಕರಡಿಗೆ ನಿಮ್ಮ ಸುಳಿವು ಮೊದಲೇ ಸಿಗಲಿ

ಡಿಸೆಂಬರ್ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಹಿಮಾಲಯದ ಕಡೆ ತಿರುಗುತ್ತವೆ. ಗುಲ್ಮಾರ್ಗದಲ್ಲಿ ಸ್ನೋ ಸ್ಕೂಟರ್ ಓಡಿಸಲು ಎಂಥ ಬೂಟು ಬೇಕು, ಕೇದಾರಕಂಠಕ್ಕೆ ಎಂಥ ಜಾಕೆಟ್, ಹಿಮ ಕುಸಿದರೆ ಬದುಕಿ ಬರುವುದು ಹೇಗೆ? ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹುಡುಗರೇ ಹೀಗೆ ಕೇಳಿದಾಗ ನನಗೊಂದು ಮರುಪ್ರಶ್ನೆ ಹಾಕಬೇಕೆನಿಸುತ್ತದೆ. ನಿಮ್ಮೂರ ಹಿಂದಿನ ಕಲ್ಲುಗುಡ್ಡದಲ್ಲಿ ಕರಡಿಯ ಮೈಮೇಲೆ ಹೋಗಿ ಬೀಳದಂತೆ ನಡೆಯಲು ನಿಮಗೆ ಬರುತ್ತದೆಯೆ? ಅದು ಬಂದರೆ ಹಿಮದ ಪಾಠ ಅರ್ಧ ಕಲಿತಂತೆಯೇ. ಬಾರದಿದ್ದರೆ ಜಾಕೆಟ್ಟಿನ ಬೆಲೆ ಎಷ್ಟಾದರೇನು, ಅದು ಚಳಿಯನ್ನಷ್ಟೇ ತಡೆದೀತು.

ಹಿಮಕುಸಿತವೆಂದರೆ ಬೆಟ್ಟ ತಾನಾಗಿಯೇ ಮುನಿದು ಮೈಮೇಲೆ ಬೀಳುವುದೆಂದು ನಾವು ತಿಳಿದಿದ್ದೇವೆ. ಮೋಜಿಗೆಂದು ಹಿಮದ ಬೆಟ್ಟ ಹತ್ತಿ ಸತ್ತವರ ಲೆಕ್ಕ ಬೇರೆಯೇ ಹೇಳುತ್ತದೆ. ನೂರಕ್ಕೆ ಸುಮಾರು 90 ಪ್ರಕರಣಗಳಲ್ಲಿ ಹಿಮವನ್ನು ಕದಲಿಸಿದವರು ಸತ್ತವರೇ, ಇಲ್ಲವೆ ಅವರ ಜೊತೆಗಾರರೇ. ಹಳೆಯ ಹಿಮದ ಮೇಲೆ ಹೊಸ ಹಿಮ ಬಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ನಡುವಿನ ಪದರ ಸಡಿಲವಾಗಿಯೇ ಉಳಿದಿರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ತೂಕ ಬಿದ್ದರೂ ಸಾಕು, ಮೇಲಿನ ಪದರವೆಲ್ಲ ಒಡೆದು ಜಾರುತ್ತದೆ. ಕಾಲ್ನಡಿಗೆಯವನು ಅರ್ಧ ದಿನ ಏದುಸಿರು ಬಿಟ್ಟು ತಲುಪುವ ಇಳಿಜಾರನ್ನು ಸ್ನೋ ಸ್ಕೂಟರ್ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ನಡೆಯುವವನಿಗೆ ದಾರಿಯುದ್ದಕ್ಕೂ ಯೋಚಿಸಲು ಸಿಗುವ ಸಮಯ ಯಂತ್ರದ ಮೇಲೆ ಕೂತವನಿಗೆ ಸಿಗುವುದಿಲ್ಲ.

ಆದ್ದರಿಂದಲೇ ಬಲ್ಲ ಸವಾರರ ನಿಯಮಗಳು ಕಟ್ಟುನಿಟ್ಟು. ಇಳಿಜಾರಿಗೆ ಒಂದು ಸಲಕ್ಕೆ ಒಬ್ಬನೇ ಹೋಗಬೇಕು, ಉಳಿದವರು ಹಿಮ ಜಾರಿ ಬರುವ ಹಾದಿಯಿಂದ ಆಚೆ ನಿಲ್ಲಬೇಕು. ಮೇಲೆ ಒಬ್ಬನ ಗಾಡಿ ಹೂತುಕೊಂಡರೆ ಎರಡನೆಯವನು ಎಳೆಯಲು ಏರುವಂತಿಲ್ಲ. ಸಂಕೇತ ಕಳಿಸುವ ಪುಟ್ಟ ರೇಡಿಯೊ, ಹಿಮ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬನ ಬಳಿ ಇರಬೇಕು. ಹೂತುಹೋದವನು ಬದುಕುವ ಅವಕಾಶ ಮೊದಲ 10–15 ನಿಮಿಷ ಚೆನ್ನಾಗಿರುತ್ತದೆ, ಅರ್ಧ ಗಂಟೆಯ ಹೊತ್ತಿಗೆ ಪಾತಾಳಕ್ಕಿಳಿದಿರುತ್ತದೆ. ಅಷ್ಟರಲ್ಲಿ ಯಾವ ರಕ್ಷಣಾ ಪಡೆಯೂ ಬಂದು ಮುಟ್ಟದು. ಜೊತೆಗಿದ್ದವರೇ ಅಗೆದು ತೆಗೆಯಬೇಕು.

ಇದಕ್ಕೆ ಅಪವಾದವಾಗಿ ನಮ್ಮ ನೆನಪಿನಲ್ಲಿ ಉಳಿದವರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಆರು ದಿನಗಳ ನಂತರ ಅವರೊಬ್ಬರು ಉಸಿರಾಡುತ್ತಲೇ ಸಿಕ್ಕರು. ಇಡೀ ನಾಡು ಕೈಮುಗಿದು ಕಾದರೂ ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಅಲ್ಲಿದ್ದುದು ಕರ್ತವ್ಯದ ಮೇಲೆ. ಹಿಂದೆ ಸರಿಯುವ ಆಯ್ಕೆ ಅವರಿಗಿರಲಿಲ್ಲ, ಮೋಜಿಗೆ ಹೋಗುವ ನಮಗೆ ಇದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಮಂದಿಯ ಚಾರಣ ತಂಡದಲ್ಲಿ 9 ಮಂದಿ ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ಮೇಲೂ ಪ್ರಶ್ನೆಗಳು ಬೂಟು, ಜಾಕೆಟ್ಟಿನ ಸುತ್ತಲೇ ಸುತ್ತುತ್ತವಲ್ಲ ಎಂಬುದು ನನ್ನ ಅಳಲು.

ಈಗ ದರೋಜಿಗೆ ಬನ್ನಿ. ಹೊಸಪೇಟೆ–ಬಳ್ಳಾರಿ ರೈಲು ಹಾದಿಯ ಈ ಊರಿನ ಹೆಸರನ್ನು ಹೊತ್ತ ಕರಡಿಧಾಮ ಕಮಲಾಪುರದ ಆಚೆ ಶುರುವಾಗುತ್ತದೆ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರ್ ನೆಲವನ್ನು ಕರಡಿಗಳಿಗೆಂದೇ ಮೀಸಲಿಟ್ಟರು. 2009ರಲ್ಲಿ ಬುಕ್ಕಸಾಗರದ ಕಾಡು ಸೇರಿ ಧಾಮ ಈಗ ಸುಮಾರು 82 ಚದರ ಕಿಲೋಮೀಟರ್ ಇದೆ. ರಾಮನಗರದ ಕಡೆಯಿಂದ ಹೊರಟು ಹಂಪಿಯನ್ನೂ ಹಾಯುವ, ಸುಮಾರು 250 ಕೋಟಿ ವರ್ಷ ಹಳೆಯ ಕಣಶಿಲೆಯ ಸಾಲಿನ ತುಂಡು ಇದು. ಬಂಡೆ ಬಿರಿದು, ಸಿಪ್ಪೆ ಸುಲಿದು, ದುಂಡಾಗಿ, ಒಂದರ ಮೇಲೊಂದು ಕೂತಿದೆ. ಅವುಗಳ ಸಂದಿನಲ್ಲಿ ಬೇಸಿಗೆಯಲ್ಲೂ ತಂಪಾಗಿರುವ ಗವಿಗಳು, ಕೆಳಗೆ ಕುರುಚಲು ಕಾಡು, ಕಾಡಿನ ತುಂಬ ಹುತ್ತ. ಕವಳೆ, ಜಾನೆ, ಉಲುಪಿ, ನೇರಳೆ, ಬಾರೆ ಹಣ್ಣುಗಳು ಸರದಿಯ ಮೇಲೆ ಬರುತ್ತವೆ. ಕರಡಿಗೆ ಇನ್ನೇನು ಬೇಕು?

ನೋಡುವ ಆಸೆಯಿದ್ದರೆ ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾ ಗೋಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ಬಿಸಿಲು ಇಳಿದಂತೆ ಕರಡಿಗಳು ಗವಿ ಬಿಟ್ಟು ಇಳಿಯುತ್ತವೆ. ದುರ್ಬೀನು ಹಿಡಿದು ಕೂತರೆ ತಾಯಿಯ ಬೆನ್ನೇರಿ ಬರುವ ಮರಿಗಳೂ ಕಂಡಾವು. ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ಸಾಕುವ ರೂಢಿ ಕರಡಿ ಕುಲದಲ್ಲಿ ನಮ್ಮ ಈ ಕರಡಿಯದೇ. ಆದರೆ ಗೋಪುರದಿಂದ ಕಾಣುವುದು ಊಟಕ್ಕೆ ಕರೆದಾಗ ಬಂದ ಕರಡಿ. ಕಂಪ್ಲಿಯ ಬಾಳೆ ತೋಟದ ಬದುವಿನಲ್ಲೋ, ಸಂಡೂರಿನ ದಾರಿಯ ಕುರುಚಲಿನಲ್ಲೋ ಎದುರಾಗುವುದು ಯಾರೂ ಕರೆಯದ ಕರಡಿ. ಅದಕ್ಕೆ ಧಾಮದ ಗಡಿ ಗೊತ್ತಿಲ್ಲ. ಧಾಮದೊಳಗೆ ಅಡ್ಡಾಡುವ ಹಾಗಿಲ್ಲವಾದ್ದರಿಂದ ನಾನು ಹೇಳುತ್ತಿರುವುದು ಅದರ ಹೊರಗಿನ ನಡಿಗೆಯ ಮಾತು.

ಕರಡಿ ಮನುಷ್ಯನ ಮೇಲೆ ಬೀಳುವುದು ತಿನ್ನಲಿಕ್ಕಲ್ಲ. ಇದು ಹುಲಿ, ಚಿರತೆಗಳ ನಡುವೆ ಬೆಳೆದು ಬಂದ ಜೀವ. ಓಡಿದರೆ ಹುಲಿ ಹಿಡಿಯುತ್ತದೆ, ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ಹಾಗಾಗಿ ಗಾಬರಿಯಾದಾಗ ತಪ್ಪಿಸಿಕೊಳ್ಳುವ ಬದಲು ನುಗ್ಗಿ ಹೊಡೆಯುವುದೇ ಅದರ ಹುಟ್ಟುಗುಣವಾಗಿದೆ. ಕಣ್ಣು ಅಷ್ಟಕ್ಕಷ್ಟೆ. ಮೂಗು ಚುರುಕು, ಆದರೆ ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಆ ಮೂಗಿನಿಂದ ಏನೂ ಪ್ರಯೋಜನವಿಲ್ಲ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಅದು ಮಾಡುವ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಅಷ್ಟು ಸದ್ದು ಮಾಡುತ್ತಿರುವ ಪ್ರಾಣಿಗೆ ನಿಮ್ಮ ಮೆತ್ತನೆಯ ಸೋಲಿನ ಬೂಟು ಎಲ್ಲಿ ಕೇಳಬೇಕು! ತಲೆಯೆತ್ತಿದಾಗ ನೀವು ಹತ್ತು ಹೆಜ್ಜೆ ದೂರದಲ್ಲಿದ್ದರೆ ಹಿಮದ ಪದರ ಒಡೆದ ಹಾಗೆಯೇ. ಕದಲಿಸಿದವರು ನೀವು.

ಬೇಟೆಗಾರ, ಲೇಖಕ ಕೆನೆತ್ ಆ್ಯಂಡರ್ಸನ್ 1950ರ ದಶಕದಲ್ಲಿ ಅರಸೀಕೆರೆ ಸೀಮೆಯ ಒಂದು ಕರಡಿಯ ಬಗ್ಗೆ ಬರೆದದ್ದನ್ನು ಓದಿದವರಿದ್ದಾರೆ. ಆ ಕರಡಿ 12 ಮಂದಿಯನ್ನಾದರೂ ಕೊಂದಿತ್ತು ಎನ್ನುತ್ತಾರೆ ಅವರು. ಅಂಥದ್ದು ಅಪರೂಪ. ನಮ್ಮ ಬಯಲುಸೀಮೆಯ ಘಟನೆಗಳು ಬಹುಪಾಲು ಹೊಲಕ್ಕೆ ಹೋದವರು, ಕುರಿ ಬಿಟ್ಟವರು, ಬಯಲಿಗೆ ಕೂತವರು ಹತ್ತಿರದಲ್ಲಿ ಒಮ್ಮೆಲೇ ಎದುರಾದಾಗ ಆದವು. ಬದುಕುಳಿದವರ ಗಾಯವೂ ಸಾಮಾನ್ಯವಾಗಿ ಮುಖ, ತಲೆಗೇ. ನಾಲ್ಕಂಗುಲದವರೆಗೂ ಬೆಳೆಯುವ ಆ ಉಗುರಿನ ಒಂದೇ ಹೊಡೆತಕ್ಕೆ ಕಣ್ಣು ಹೋಗಬಹುದು.

ಹಾಗಾದರೆ ಓದಬೇಕಾದ ಗುರುತುಗಳು ಯಾವುವು? ಮೊದಲನೆಯದು ಹುತ್ತ. ಬುಡದಲ್ಲಿ ಆಳವಾಗಿ ಬಗೆದು, ಮಣ್ಣು ಇನ್ನೂ ಹಸಿಯಾಗಿದ್ದರೆ ಆ ದಾರಿಯನ್ನು ಅಲ್ಲಿಗೇ ಬಿಡಿ. ಎರಡನೆಯದು ಲದ್ದಿ. ಬಾರೆ, ನೇರಳೆಯ ಕಾಲದಲ್ಲಿ ಬೀಜಗಳೇ ತುಂಬಿರುತ್ತವೆ, ಉಳಿದ ದಿನ ಇರುವೆ, ಗೆದ್ದಲಿನ ತುಣುಕುಗಳು. ಮೂರನೆಯದು ಹೆಜ್ಜೆ. ಐದು ಬೆರಳು, ಅವುಗಳಿಂದ ಸಾಕಷ್ಟು ಮುಂದೆ ಚುಚ್ಚಿದ ಉಗುರಿನ ಗುರುತು. ಚಿರತೆಯ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲವಾದ್ದರಿಂದ ಹೊಸಬರಿಗೂ ಗೊಂದಲವಾಗದು. ಇವೆಲ್ಲಕ್ಕಿಂತ ಮೇಲು ಕುರಿ ಕಾಯುವವರ ಮಾತು. 'ಆ ಗುಡ್ಡದ ಕಡಿ ಹೋಗಬ್ಯಾಡ್ರಿ, ಮರಿ ಐತಿ' ಎಂದು ಒಬ್ಬರು ಹೇಳಿದರೆ ಗೂಗಲ್ ನಕ್ಷೆ ತೆರೆಯದೆ ತಿರುಗಿಬಿಡಿ. ಹಿಮದ ಬೆಟ್ಟಗಳಿಗೆ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಈ ಸೀಮೆಗೆ ಮುನ್ಸೂಚನೆ ಕೊಡುವವರು ಕುರಿಗಾಹಿಗಳೇ.

ಕಾಲವನ್ನೂ ಲೆಕ್ಕ ಹಾಕಬೇಕು. ಕರಡಿ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಪ್ರವಾಸಿಗರು ಹಂಪಿಗೆ ಮುಗಿಬೀಳುವುದೂ ಅದೇ ತಿಂಗಳುಗಳಲ್ಲಿ. ಮತಂಗ ಬೆಟ್ಟದ ಸೂರ್ಯೋದಯ ನೋಡಿ ರುಚಿ ಹತ್ತಿದವರು ಊರಾಚೆಯ ಹೆಸರಿಲ್ಲದ ಗುಡ್ಡಗಳನ್ನೂ ಕತ್ತಲಲ್ಲೇ ಏರಲು ಹೊರಡುತ್ತಾರೆ. ಕರಡಿ ರಾತ್ರಿ ಮೇಯ್ದು ಗವಿಗೆ ಹಿಂತಿರುಗುವ ಹೊತ್ತು ಅದೇ! ಬೆಳಕು ಚೆನ್ನಾಗಿ ಹರಿದ ಮೇಲೆ ಹತ್ತಿ, ಸಂಜೆ ಬಿಸಿಲಿರುವಾಗಲೇ ಇಳಿಯಿರಿ. ಹಂಪಿ, ಆನೆಗೊಂದಿಯ ಬಂಡೆ ಹತ್ತುವ ಹವ್ಯಾಸಿಗಳಿಗೆ ಇನ್ನೊಂದು ಮಾತು. ಬೀಳುವ ಜಾಗಕ್ಕೆ ಹಾಸುವ ದಪ್ಪ ಮೆತ್ತೆಯನ್ನು ನೀವು ಮರೆಯದೆ ಹೊತ್ತು ತರುತ್ತೀರಿ. ಅದನ್ನು ಹಾಸುವ ಮೊದಲು ಬಂಡೆಯ ಹಿಂದಿನ ಸಂದು, ಬುಡದ ಗವಿ ಇವನ್ನು ದೂರದಿಂದಲೇ ನೋಡಿ, ಕೂಗಿ, ಸದ್ದು ಮಾಡಿ, ಐದು ನಿಮಿಷ ಕಾಯಿರಿ. ಘಾಟು ವಾಸನೆ ಬಂದರೆ ಬೇರೆ ಬಂಡೆ ಹುಡುಕಿಕೊಳ್ಳಿ. ಈ ಸೀಮೆಯಲ್ಲಿ ಬಂಡೆಗೇನು ಬರ?

ನಡೆಯುವಾಗ ಮೂರ್ನಾಲ್ಕು ಮಂದಿ ಒಟ್ಟಿಗಿರಿ, ಮಾತಾಡುತ್ತ ನಡೆಯಿರಿ. ಕಾಡಿನಲ್ಲಿ ಮೌನವಾಗಿರಬೇಕೆಂಬುದು ಹಕ್ಕಿ ನೋಡುವವರ ಶಿಸ್ತು, ನನಗೂ ಪ್ರಿಯವಾದದ್ದೇ. ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ದರೋಜಿ ಸೀಮೆಗೆ ದೇಶದ ಎಲ್ಲೆಡೆಯಿಂದ ಬರುವವರಿದ್ದಾರೆ. ಹಕ್ಕಿಗಾಗಿ ಸುಮ್ಮನೆ ಕೂರುವುದಾದರೆ ನಾಲ್ಕೂ ಕಡೆ ಕಾಣುವ ಬಯಲಿನಲ್ಲಿ ಕೂರಿ. ಪೊದೆ, ತಿರುವು, ಬಂಡೆಯ ಸಂದು ಬಂದಲ್ಲಿ ಕೋಲಿನಿಂದ ಕಲ್ಲು ಬಡಿಯಿರಿ, ಗಂಟಲು ಬಿಚ್ಚಿ ಕೂಗಿ. ಕುರಿಗಾಹಿಗಳು ಹೋ ಎನ್ನುತ್ತ ಹೋಗುವುದು ಸುಮ್ಮನೆ ಅಲ್ಲ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ನಾಯಿ ಜೊತೆಗಿದ್ದರೆ ಧೈರ್ಯ ಎನ್ನುವವರಿದ್ದಾರೆ. ಅದು ಮುಂದೆ ಓಡಿ, ಕರಡಿಯನ್ನು ಕೆಣಕಿ, ಬೆನ್ನ ಹಿಂದೆ ಕಟ್ಟಿಕೊಂಡು ನಿಮ್ಮ ಕಾಲ ಬುಡಕ್ಕೇ ತಂದೀತು.

ಇಷ್ಟಾಗಿಯೂ ಎದುರಾದರೆ? ದೂರದಲ್ಲಿದ್ದು ನಿಮ್ಮನ್ನು ಗಮನಿಸಿಲ್ಲವೆಂದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂತಿರುಗಿ. ಹತ್ತಿರದಲ್ಲಿದ್ದು ನೋಡಿಬಿಟ್ಟಿದ್ದರೆ ಓಡಬೇಡಿ. ಅದರ ಓಟಕ್ಕೆ ನಮ್ಮ ಓಟ ಸಾಟಿಯಲ್ಲ. ಒಟ್ಟಾಗಿ ನಿಂತು, ಕಿರುಚದೆ, ತಗ್ಗಿದ ದನಿಯಲ್ಲಿ ಮಾತಾಡುತ್ತ, ಮುಖ ಅದರ ಕಡೆಗೇ ಇಟ್ಟು ಹಿಂದೆ ಸರಿಯಿರಿ. ಎದ್ದು ನಿಂತರೆ ಹೊಡೆಯಲು ಬಂತೆಂದೇ ತಿಳಿಯಬೇಕಿಲ್ಲ, ವಾಸನೆ ಹಿಡಿಯಲೂ ನಿಲ್ಲುತ್ತದೆ. ನುಗ್ಗಿ ಬಂದು ಅರ್ಧಕ್ಕೇ ತಿರುಗಿ ಹೋಗುವುದೂ ಉಂಟು. ಮೈಮೇಲೆಯೇ ಬಿದ್ದರೆ ನೆಲಕ್ಕೆ ಮುಖವೊತ್ತಿ ಬೋರಲಾಗಿ ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿ, ಮೊಣಕೈಗಳನ್ನು ಕೆನ್ನೆಗೆ ಒತ್ತಿ. ಬೆನ್ನಿನ ಚೀಲ ಕಳಚಬೇಡಿ, ಅದೇ ರಕ್ಷೆ. ಅದು ಹೋಯಿತೆನಿಸಿದ ಮೇಲೂ ಸ್ವಲ್ಪ ಹೊತ್ತು ಅಲುಗಾಡಬೇಡಿ. ಮುಖ ಉಳಿಸಿಕೊಳ್ಳುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಆಮೇಲಿನ ಕೆಲಸ ಜೊತೆಗಾರರದು. ಶುಭ್ರ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ತಿಳಿಸಿ. ರಕ್ತ ನಿಂತ ಸಣ್ಣಪುಟ್ಟ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸೊಪ್ಪಿನ ರಸ ಮೆತ್ತಬೇಡಿ. ಕಾಡುಪ್ರಾಣಿ ಕಚ್ಚಿದ್ದೆಂದು ಆಸ್ಪತ್ರೆಯಲ್ಲಿ ಸ್ಪಷ್ಟವಾಗಿ ಹೇಳಿದರೆ ಧನುರ್ವಾತದ ಚುಚ್ಚುಮದ್ದಿನ ಜೊತೆ ರೇಬೀಸ್ ಲಸಿಕೆಯನ್ನೂ ನೋಡಿಕೊಳ್ಳುತ್ತಾರೆ. ಮುಖದ ಹೊಲಿಗೆಯ ಗಡಿಬಿಡಿಯಲ್ಲಿ ಇದೊಂದು ಮರೆತುಹೋಗಬಾರದು.

ಗಮನಿಸಿ ನೋಡಿ. ಬೋರಲು ಮಲಗುವುದು, ಸಲಿಕೆಯಿಂದ ಅಗೆಯುವುದು, ಇವೆಲ್ಲ ಪದರ ಒಡೆದ ಮೇಲಿನ ವಿದ್ಯೆ. ಕಲಿತಿರಬೇಕು, ನೆಚ್ಚಿ ಹೊರಡಬಾರದು. ನಡಿಗೆಯ ನಿಜವಾದ ಹದ ಇರುವುದು ಅದಕ್ಕಿಂತ ಎಷ್ಟೋ ಮುಂಚೆ, ಹಸಿ ಮಣ್ಣಿನ ಹುತ್ತ ಕಂಡಾಗ ಆ ಗುಡ್ಡದ ಆಸೆ ಬಿಡುವುದರಲ್ಲಿ. ಕಷ್ಟವೂ ಅಲ್ಲೇ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ, ಗುಲ್ಮಾರ್ಗಕ್ಕೆ ವಿಮಾನದ ಟಿಕೆಟ್ ಕೊಂಡವರಿಗೆ 'ಬೇಡ' ಎನ್ನಲು ನಾಲಿಗೆ ಏಳುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ತಂಡದಲ್ಲಿ ಎರಡು ಮಾತು ಗೊತ್ತುಮಾಡಿಕೊಳ್ಳಿ. ಒಂದು, ಎಲ್ಲಿದ್ದರೂ ಇಂಥ ಹೊತ್ತಿಗೆ ತಿರುಗುತ್ತೇವೆ. ಇನ್ನೊಂದು, ಯಾರಾದರೊಬ್ಬರು ಬೇಡವೆಂದರೆ ಕಾರಣ ಕೇಳದೆ ಎಲ್ಲರೂ ತಿರುಗುತ್ತೇವೆ. ತಂಡದ ಅತಿ ಕಿರಿಯರಿಗೂ ಆ ಅಧಿಕಾರವಿರಲಿ. ಇದಕ್ಕೆ ಒಪ್ಪದವರ ಜೊತೆ ದರೋಜಿಯ ಗುಡ್ಡಕ್ಕೂ ಹೋಗಬೇಡಿ, ಹಿಮಾಲಯಕ್ಕಂತೂ ಹೋಗಲೇಬೇಡಿ.