ಅಥಣಿ ಚಪ್ಪಲಿ: ಕೈ ಹಲವು, ಕಸುಬು ಒಂದು

2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಮರುವರ್ಷದ ಬೇಸಿಗೆಗೆಂದು ಗಂಡಸರ ಉಡುಪಿನ ಪ್ರದರ್ಶನ ಇಟ್ಟಿತ್ತು. ಅಲ್ಲಿ ನಡೆದುಹೋದ ಹುಡುಗರ ಕಾಲಲ್ಲಿ ಕರ್ನಾಟಕ-ಮಹಾರಾಷ್ಟ್ರದ ನಮ್ಮ ಗಡಿಭಾಗದವರು ಹುಟ್ಟಿದಾಗಿನಿಂದ ಕಂಡ ಕೊಲ್ಹಾಪುರಿ ಮಾದರಿಯ ಚಪ್ಪಲಿ ಇತ್ತು. ಅದಕ್ಕೆ ಊರಿನ ಹೆಸರಿರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಕೊಲ್ಹಾಪುರದಲ್ಲಿ ಗದ್ದಲವೆದ್ದಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಬಂದ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳನ್ನು ಮರೆಯಬಾರದು ಎಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಕೊನೆಗೆ ಕಂಪನಿ ಈ ಮಾದರಿ ಭಾರತದ ಕರಕುಶಲ ಪರಂಪರೆಯಿಂದ ಬಂದದ್ದೆಂದು ಒಪ್ಪಿಕೊಂಡಿತು.

ಚಪ್ಪಲಿ ಯಾರದು ಎಂಬ ವಾದ ತಿಂಗಳುಗಟ್ಟಲೆ ನಡೆಯಿತು. ಅದನ್ನು ಯಾರು ಯಾರು ಸೇರಿ ಮಾಡುತ್ತಾರೆ, ಆ ಕೆಲಸ ಅವರವರ ನಡುವೆ ಹೇಗೆ ಹಂಚಿಕೆಯಾಗಿದೆ, ಆ ಹಂಚಿಕೆಯಿಂದ ಚಪ್ಪಲಿಗೆ ಏನು ಬಂತು, ಮಾಡಿದವರಿಗೆ ಏನು ದಕ್ಕಿತು ಎಂದು ಕೇಳಿದವರು ಕಡಿಮೆ. ನನಗೆ ಮುಖ್ಯವೆನಿಸುವುದು ಈ ಪ್ರಶ್ನೆ. ಗಂಡಸರ ಉಡುಗೆ ತೊಡುಗೆಯ ತಯಾರಿಕೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪಳಗಿದ ತಂಡ ಇರಬೇಕು ಎಂಬ ಮಾತು ಇಂದು ಕಾರ್ಖಾನೆಗಳಲ್ಲಿ ಕೇಳಿಬರುತ್ತದೆ. ಅಥಣಿಯ ಓಣಿಗಳಲ್ಲಿ, ಮದಭಾವಿಯಂಥ ಹಳ್ಳಿಗಳಲ್ಲಿ, ನಿಪ್ಪಾಣಿ ಚಿಕ್ಕೋಡಿಯ ಮನೆ ಪಡಸಾಲೆಗಳಲ್ಲಿ ಆ ಪದ್ಧತಿ ಬಹಳ ಹಿಂದಿನಿಂದಲೂ ಇದೆ. ಅದರ ಬೆಲೆಯೇನು, ಕೊರತೆಯೇನು ಎಂದು ತೂಗಿ ನೋಡಬೇಕಾದ ಕಾಲ ಬಂದಿದೆ.

ಮೊದಲು ಕೆಲಸವನ್ನೇ ನೋಡೋಣ. ಹಸಿ ತೊಗಲು ಮೊದಲು ಹದ ಮಾಡುವವರ ಕೈಗೆ ಹೋಗುತ್ತದೆ. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದ ಮೇಲೆ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ರಸ ತುಂಬಿ ತೂಗು ಹಾಕುತ್ತಾರೆ. ರಸ ಎಳೆ ಎಳೆಗೂ ಇಳಿಯುವವರೆಗೆ ದಿನಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಮೇಲೆ ಹದ, ಒಳಗೆ ಹಸಿ. ಹೀಗೆ ಬಂದ ತೊಗಲನ್ನು ಕತ್ತರಿಸುವವನು ಇನ್ನೊಬ್ಬ. ಒಂದು ತೊಗಲಿನಲ್ಲಿ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲು. ಅಟ್ಟೆಗೆ ಯಾವುದು, ಪಕ್ಕದ ಕಿವಿಗೆ ಯಾವುದು, ಮೇಲಿನ ಪಟ್ಟಿಗೆ ಯಾವುದು ಎಂದು ಅವನು ಕೈಯಿಂದ ತಡವಿಯೇ ಹೇಳುತ್ತಾನೆ. ಎಮ್ಮೆ ಕೋಣದ ದಪ್ಪ ತೊಗಲು ಅಟ್ಟೆಗೆ, ಆಡಿನ ತೆಳು ತೊಗಲು ವೇಣಿಗೆ. ನೀರಲ್ಲಿ ನೆನೆಸಿ ಮೆತ್ತಗಾದ ಅಟ್ಟೆಯನ್ನು ಬಡಿದು ಬಿಗಿ ಮಾಡಿ, ಎರಡು ಪದರಗಳ ನಡುವೆ ಕಿವಿಗಳನ್ನು ಕೂರಿಸಿ, ತೊಗಲಿನದೇ ದಾರದಿಂದ ಹೊಲಿಯುವುದು ಮತ್ತೊಂದು ಕೆಲಸ. ಅಪ್ಪಟ ಕೊಲ್ಹಾಪುರಿಯಲ್ಲಿ ಮೊಳೆ ಇರುವುದಿಲ್ಲ. ಹಿಡಿತವೆಲ್ಲ ಆ ಹೊಲಿಗೆಯದು.

ಇನ್ನು ವೇಣಿ. ಆಡಿನ ತೊಗಲಿನಿಂದ ಸಣ್ಣ ಎಳೆಗಳನ್ನು ಸೀಳಿ ಹೆಣೆಯುವ ಈ ಕೆಲಸ ಬಹುತೇಕ ಹೆಣ್ಮಕ್ಕಳದು. ಎಳೆಗಳು ಒಂದೇ ಅಗಲ ಇರಬೇಕು, ಒಂದೇ ತೇವ ಇರಬೇಕು. ಒಂದು ಎಳೆ ಒಣಗಿದ್ದರೆ ಹೆಣಿಗೆ ಅಲ್ಲಿ ಉಬ್ಬುತ್ತದೆ, ಒಂದು ಹೆಚ್ಚು ನೆಂದಿದ್ದರೆ ಒಣಗಿದ ಮೇಲೆ ಸಡಿಲ ಬೀಳುತ್ತದೆ. ಹೆಣೆಯುವ ಕೈ ಎಷ್ಟು ಎಳೆಯಬೇಕು ಎಂಬುದಕ್ಕೆ ಅಳತೆಪಟ್ಟಿ ಇಲ್ಲ. ಎಡಗಾಲಿನ ವೇಣಿಗೂ ಬಲಗಾಲಿನ ವೇಣಿಗೂ ಒಂದೇ ಬಿಗಿ ಬರಬೇಕಾದರೆ ಸಾವಿರಾರು ಜೋಡಿ ಹೆಣೆದ ಬೆರಳೇ ಬೇಕು. ಎಲ್ಲ ಕೆಲಸವನ್ನೂ ಒಬ್ಬನೇ ಮಾಡುವವನಿಗೆ ಈ ಬೆರಳು ಬರುವುದು ಕಷ್ಟ, ಏಕೆಂದರೆ ಅಟ್ಟೆ ಬಡಿಯುವ ಕೈಗೆ ಬೇರೆ ಬಲ, ಎಳೆ ಹೆಣೆಯುವ ಕೈಗೆ ಬೇರೆ ನಯ. ಕೆಲಸ ಹಂಚಿಕೆಯಾದದ್ದರಿಂದಲೇ ಅಥಣಿ ಚಪ್ಪಲಿಗೆ ಎರಡೂ ಸಿಕ್ಕಿವೆ: ಬಿಸಿಲಲ್ಲಿ ವರ್ಷಗಟ್ಟಲೆ ನಡೆದರೂ ಬಿಡದ ಅಟ್ಟೆ, ಪಾದದ ಮೇಲೆ ಕಚ್ಚದ ಪಟ್ಟಿ. ಈ ಪದ್ಧತಿಯ ಮೊದಲ ಗುಣ ಇದು, ಅದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಕೆಲಸ ಹಂಚಿದ ಮಾತ್ರಕ್ಕೆ ಮಾಲು ಚೆನ್ನಾಗಿ ಬರುವುದಿಲ್ಲ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಗಳಲ್ಲಿ ಬಟ್ಟೆ ಕತ್ತರಿಸುವವನು ಬೇರೆ, ಕೋಟು ಹೊಲಿಯುವವನು ಬೇರೆ, ಪ್ಯಾಂಟು ಹೊಲಿಯುವವನು ಬೇರೆ, ಗುಂಡಿಮನೆ ಮುಗಿಸುವವರು ಬೇರೆ. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲೂ ಒಂದು ಶರ್ಟು ಹತ್ತಾರು ಮಷೀನು ದಾಟುತ್ತದೆ: ಒಬ್ಬಳು ಕಾಲರ್, ಒಬ್ಬಳು ಕಫ್, ಒಬ್ಬಳು ಜೇಬು. ಎರಡೂ ಕಡೆ ವಿಂಗಡಣೆ ಇದೆ. ಸ್ಯಾವಿಲ್ ರೋದಲ್ಲಿ ಗಿರಾಕಿ ಅರೆಹೊಲಿಗೆಯ ಕೋಟು ತೊಟ್ಟು ನೋಡುತ್ತಾನೆ. ಭುಜ ಸರಿ ಕೂರದಿದ್ದರೆ ಹೊಲಿಗೆ ಬಿಚ್ಚಿ ಅದು ಮರಳಿ ಕತ್ತರಿಸಿದವನ ಮೇಜಿಗೇ ಬರುತ್ತದೆ. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ನಿಂತಿರುವಾಗ, ಹಿಂದಿನವಳು ಕೊಟ್ಟ ಕಾಲರ್ ಸೊಟ್ಟಗಿದೆ ಎಂದು ಮುಂದಿನವಳು ಲೈನು ನಿಲ್ಲಿಸುವುದು ಸುಲಭವಲ್ಲ. ತಪ್ಪು ಮುಂದಕ್ಕೆ ಸಾಗಿ, ಕೊನೆಯಲ್ಲಿ ಚೆಕಿಂಗ್ ಮೇಜಿನಲ್ಲಿ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಅಂಥವು ಹತ್ತಾರು ಆಗಿರುತ್ತವೆ.

ಹೀಗಾಗಿ ಪಳಗಿದ ತಂಡಗಳ ನಿಜವಾದ ಬೆಲೆ ಇರುವುದು ಒಂದು ಕೈ ಇನ್ನೊಂದು ಕೈಗೆ ಕೆಲಸ ದಾಟಿಸುವ ಜಾಗದಲ್ಲಿ. ಮುಂದಿನವರು ಹಿಂದಿನವರಿಗೆ 'ಇದು ಸರಿಯಿಲ್ಲ, ಬೇರೆ ಕೊಡು' ಎನ್ನಬಲ್ಲರೇ? ಹಂಚಿಕೆಯ ಒಳಿತು ಕೆಡುಕು ತೂಗಲು ಇದಕ್ಕಿಂತ ನೇರವಾದ ಅಳತೆ ಇಲ್ಲ. ಅಥಣಿಯ ಹಳೆಯ ಪದ್ಧತಿ ಗೆದ್ದದ್ದು ಇಲ್ಲಿಯೇ. ಕತ್ತರಿಸುವವರು, ಹೊಲಿಯುವವರು, ಹೆಣೆಯುವವರು ಒಂದೇ ಪಡಸಾಲೆಯಲ್ಲಿ, ಹೆಚ್ಚೆಂದರೆ ಒಂದೇ ಓಣಿಯಲ್ಲಿ ಕೂರುತ್ತಾರೆ. ಎಳೆಗೆ ಕೊಟ್ಟ ತೊಗಲು ತೆಳುವಾದರೆ ವೇಣಿ ಹೆಣೆಯುವವಳು ಅಲ್ಲಿಯೇ ಬಿಸಾಕುತ್ತಾಳೆ. ಕಿವಿ ಒಂದು ಮೇಲೆ ಒಂದು ಕೆಳಗೆ ಕೂತಿದ್ದರೆ ಹೊಲಿಗೆ ಹಾಕುವ ಮೊದಲೇ ಜಗಳವಾಗುತ್ತದೆ. ಆ ಜಗಳವೇ ಮಾಲಿನ ಗುಣ ಕಾದಿದೆ.

ಈ ಅಳತೆಯಿಂದಲೇ ನೋಡಿದರೆ ಪದ್ಧತಿ ಎಲ್ಲಿ ಸೋತಿದೆ ಎಂಬುದೂ ಕಾಣುತ್ತದೆ. ಮೊದಲನೆಯದು ತೊಗಲು. ಊರಲ್ಲೇ ಹದ ಮಾಡುವ ಮನೆಗಳು ಒಂದೊಂದಾಗಿ ನಿಂತವು. ವಾಸನೆ, ನೀರಿನ ತೊಂದರೆ, ಮೈಮುರಿಯುವ ದುಡಿಮೆ, ಅದಕ್ಕಂಟಿದ ಅವಮಾನ – ಮಕ್ಕಳು ಆ ಕೆಲಸ ಬಿಟ್ಟದ್ದಕ್ಕೆ ಕಾರಣಗಳು ಸಾಕಷ್ಟಿವೆ. ಮಹಾರಾಷ್ಟ್ರದಲ್ಲಿ 2015ರಿಂದ, ಕರ್ನಾಟಕದಲ್ಲಿ 2021ರಿಂದ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾನೂನುಗಳಿಂದ ಹಸಿ ತೊಗಲಿನ ವ್ಯಾಪಾರವೂ ಇಕ್ಕಟ್ಟಿಗೆ ಸಿಕ್ಕಿತು. ಈಗ ದೂರದ ಊರಿನಿಂದ ಹದವಾಗಿ ಬಂದ ತೊಗಲನ್ನು ವ್ಯಾಪಾರಸ್ಥರ ಹತ್ತಿರ ಉದ್ರಿ ತರುವವರೇ ಹೆಚ್ಚು. ಅರೆಹದವಾದ ತೊಗಲು ಬಂದರೆ ಯಾರಿಗೆ ಮರಳಿಸಬೇಕು? ಹದ ಮಾಡಿದವನ ಮುಖವನ್ನೇ ಚಪ್ಪಲಿ ಮಾಡುವವನು ಕಂಡಿಲ್ಲ. ಕೊಂಡಿಯ ಮೊದಲ ಕೈ ದೂರವಾದ ಮೇಲೆ ಉಳಿದ ಕೈಗಳು ಎಷ್ಟು ಪಳಗಿದ್ದರೂ ಮಾಲು ಅರ್ಧ ಅದೃಷ್ಟದ ಮೇಲೆ ನಿಲ್ಲುತ್ತದೆ.

ಶರಣರ ಕಾಲದ ನೆನಪು ಇಲ್ಲಿ ಸುಮ್ಮನೆ ಬರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತೊಗಲು ಹದ ಮಾಡುವ ಡೋಹರ ಕಕ್ಕಯ್ಯನೂ ಇದ್ದ, ಚಪ್ಪಲಿ ಮಾಡುವ ಸಮಗಾರ ಹರಳಯ್ಯನೂ ಇದ್ದ. ಹರಳಯ್ಯನ ಕತೆಯಲ್ಲಿ ಹೆಂಡತಿ ಕಲ್ಯಾಣಮ್ಮನ ಪಾಲು ಗಂಡನಷ್ಟೇ ದೊಡ್ಡದು. ಬಸವಣ್ಣನಿಗಾಗಿ ಮಾಡಿದ ಚಪ್ಪಲಿಗೆ ಇಬ್ಬರೂ ತಮ್ಮ ತಮ್ಮ ತೊಡೆಯ ತೊಗಲು ಕೊಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಹದ ಮಾಡಿದವನಿಗೆ ಒಂದು ಹೆಸರು, ಹೊಲಿದವನಿಗೆ ಒಂದು ಹೆಸರು, ಜೊತೆಗೂಡಿದ ಹೆಂಡತಿಗೆ ಒಂದು ಹೆಸರು – ಕಸುಬಿನ ಮೂರು ಕೈಗಳನ್ನೂ ನಮ್ಮ ಪರಂಪರೆ ನೆನಪಿಟ್ಟಿದೆ. ನಮ್ಮ ಮಾರುಕಟ್ಟೆ ಇಟ್ಟಿಲ್ಲ.

ಎರಡನೆಯ ಸೋಲು ಹೆಣ್ಮಕ್ಕಳ ಕೂಲಿಯದು. ವೇಣಿ, ಕಸೂತಿ, ಪಟ್ಟಿಯ ಹೊಲಿಗೆ ಇವೆಲ್ಲ ಸೇರಿ ಕೆಲಸದ ದೊಡ್ಡ ಪಾಲು ಅವರದು. ಆದರೆ ವ್ಯಾಪಾರಸ್ಥ ಧಾರಣೆ ಕಟ್ಟುವುದು ಜೋಡಿಗೆ, ಹಣ ಎಣಿಸುವುದು ಮನೆಯ ಗಂಡಸಿನ ಕೈಗೆ. ಕೆಲಸ ಪ್ರತ್ಯೇಕ, ಪರಿಣತಿ ಪ್ರತ್ಯೇಕ, ಕೂಲಿ ಮಾತ್ರ ಕಾಣೆ. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಅಸೆಂಟ್ ಸಂಸ್ಥೆಯ ನೆರವಿನಿಂದ ಶುರುವಾದ ಟೋಹೋಲ್ಡ್ ಪ್ರಯತ್ನ ಈ ಗಂಟನ್ನು ಬಿಚ್ಚಲು ನೋಡಿತು. ಹೆಣ್ಮಕ್ಕಳ ಸ್ವಸಹಾಯ ಗುಂಪುಗಳನ್ನು ಕಟ್ಟಿ, ಅವರ ಹೆಸರಿನಲ್ಲೇ ಆರ್ಡರು, ಅವರ ಖಾತೆಗೇ ಹಣ ಬರುವಂತೆ ಮಾಡಿತು. ಸೈಜು ಒಂದೇ ತೆರನಾಗಿ ಬರುವಂತೆ ತರಬೇತಿ ಕೊಟ್ಟು, ಮಾಲನ್ನು ಹೊರದೇಶಕ್ಕೂ ಕಳಿಸಿತು. ಈ ಪ್ರಯತ್ನ ಎಲ್ಲ ಓಣಿಗಳನ್ನೂ ಮುಟ್ಟಲಿಲ್ಲ ಎಂಬುದು ನಿಜ. ಆದರೂ ಅದರ ಪಾಠ ಸಣ್ಣದಲ್ಲ: ಹೆಣೆಯುವವಳ ಕೈಗೆ ಹಣ ಬಂದರೆ ಕೆಟ್ಟ ಎಳೆಯನ್ನು ತಿರಸ್ಕರಿಸುವ ಅವಳ ಮಾತಿಗೂ ತೂಕ ಬರುತ್ತದೆ. ಕೂಲಿಯ ಪ್ರಶ್ನೆ ಮತ್ತು ಗುಣಮಟ್ಟದ ಪ್ರಶ್ನೆ ಬೇರೆ ಬೇರೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಮೂರನೆಯದು ಸುಗ್ಗಿ-ಸೊರಗಿನ ಲೆಕ್ಕ. ಚಪ್ಪಲಿಗೆ ಬೇಸಿಗೆಯೇ ಸುಗ್ಗಿ. ಮಳೆಗಾಲದಲ್ಲಿ ನೀರು ಕುಡಿದ ತೊಗಲು ಹಾಳಾಗುವುದರಿಂದ ಕೊಳ್ಳುವವರಿಲ್ಲ, ಬಿಸಿಲಿಲ್ಲದೆ ಅಟ್ಟೆ ಒಣಗುವುದೂ ಇಲ್ಲ. ಆ ತಿಂಗಳುಗಳಲ್ಲಿ ಮನೆ ನಡೆಯುವುದು ವ್ಯಾಪಾರಸ್ಥ ಕೊಟ್ಟ ಮುಂಗಡದಿಂದ. ಮುಂಗಡ ತಿಂದವನು ಬೇಸಿಗೆಯಲ್ಲಿ ಅವನು ಹೇಳಿದ ಧಾರಣೆಗೇ ಮಾಲು ಕೊಡಬೇಕು, ಅವನು ಕೊಟ್ಟ ತೊಗಲಿನಲ್ಲೇ ಮಾಡಬೇಕು. ಹೀಗೆ ಓಣಿಯೊಳಗೆ ಒಬ್ಬರಿಗೊಬ್ಬರು 'ಬೇಡ' ಎನ್ನುವ ಹಕ್ಕು ಉಳಿದಿದ್ದರೂ, ಓಣಿಯ ಹೊರಗಿನವನಿಗೆ 'ಬೇಡ' ಎನ್ನುವ ಹಕ್ಕು ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಸುಬನ್ನು ತಂಡ ತಂಡವಾಗಿ ಹಂಚುವುದನ್ನು ಹೊಗಳಿದರೆ ಜಾತಿಯನ್ನೇ ಹೊಗಳಿದಂತೆ ಆಗುವುದಿಲ್ಲವೇ? ಢೋರರು ಹದ ಮಾಡಬೇಕು, ಸಮಗಾರರು ಹೊಲಿಯಬೇಕು ಎಂದು ಹುಟ್ಟಿನಿಂದಲೇ ಬರೆದಿಟ್ಟದ್ದೂ ಹಂಚಿಕೆಯೇ. ಅಸ್ಪೃಶ್ಯರ ಪರಿಷತ್ತಿಗಾಗಿ 1925ರಲ್ಲಿ ನಿಪ್ಪಾಣಿಗೆ ಬಂದಿದ್ದ ಅಂಬೇಡ್ಕರ್, ಜಾತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ಮೇಲು ಕೀಳಾಗಿ ಹಂಚುತ್ತದೆ ಎಂದು ಮುಂದೆ ಖಂಡಿತವಾಗಿ ವಾದಿಸಿದರು. ಆ ವಾದಕ್ಕೆ ನಾನು ತಲೆಬಾಗುತ್ತೇನೆ. ಅದಕ್ಕೇ ಹೇಳುತ್ತೇನೆ: ಅಥಣಿಯ ಪದ್ಧತಿಯಲ್ಲಿ ಉಳಿಸಬೇಕಾದದ್ದು ಪಳಗಿದ ಕೈ, ಹುಟ್ಟಿನ ಕಟ್ಟು ಬೇಡ. ಯಾವ ಮನೆಯ ಹುಡುಗ ಹುಡುಗಿಯಾದರೂ ಈ ಕಸುಬು ಕಲಿಯಲು ಬರುವಂತಿರಬೇಕು. ಕಲಿಯುವವರು ಹದದಿಂದ ಹಿಡಿದು ಕೊನೆಯ ಹೊಳಪಿನವರೆಗೆ ಪ್ರತಿ ಕೆಲಸದಲ್ಲೂ ಕೆಲವು ತಿಂಗಳು ಕೂತು, ಆಮೇಲೆ ತಮಗೆ ಒಗ್ಗಿದ್ದನ್ನು ಆರಿಸಿಕೊಳ್ಳಬೇಕು. ಇಡೀ ಚಪ್ಪಲಿಯನ್ನು ಬಲ್ಲವರು ಒಂದು ಭಾಗ ಮಾಡುವುದಕ್ಕೂ, ಒಂದು ಭಾಗವನ್ನಷ್ಟೇ ಬಲ್ಲವರು ಅದನ್ನೇ ಮಾಡುತ್ತ ಕೂರುವುದಕ್ಕೂ ಬಹಳ ಅಂತರವಿದೆ.

ಒಬ್ಬನೇ ಕುಶಲಕರ್ಮಿ ಆದಿಯಿಂದ ಅಂತ್ಯದವರೆಗೆ ಮಾಡಿದ ಮಾಲೇ ಅಪ್ಪಟ ಕರಕುಶಲ ಎನ್ನುವವರೂ ಇದ್ದಾರೆ. ಪೇಟೆಯ ಅಂಗಡಿಗಳಲ್ಲಿ ಆ ಮಾತಿಗೆ ಒಳ್ಳೆಯ ಬೆಲೆ ಇದೆ. ಆದರೆ ಅದು ಈ ಚಪ್ಪಲಿಯ ಚರಿತ್ರೆಗೆ ಹೊಂದುವುದಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು ಈ ಉದ್ಯಮಕ್ಕೆ ಪ್ರೋತ್ಸಾಹ ಕೊಟ್ಟ ಕಾಲದಲ್ಲೂ ಅದು ಹಲವು ಕೈಗಳ ಕೆಲಸವೇ ಆಗಿತ್ತು. ಒಬ್ಬನ ಹೆಸರು ಹಾಕಿ ಮಾರಿದರೆ ಉಳಿದ ಕೈಗಳು ಮತ್ತೆ ಮರೆಯಾಗುತ್ತವೆ.

ಈಗ ಪರೀಕ್ಷೆಯ ಹೊತ್ತು. 2025ರ ಡಿಸೆಂಬರ್‌ನಲ್ಲಿ ಪ್ರಾಡಾ ಕಂಪನಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ ಸುಮಾರು 2,000 ಜೋಡಿ ತಯಾರಿಸುವುದು, ಜೋಡಿಗೆ ಸುಮಾರು 800 ಯೂರೋ ದರದಲ್ಲಿ ಮಾರುವುದು, ಜೊತೆಗೆ ಕುಶಲಕರ್ಮಿಗಳಿಗೆ ತರಬೇತಿ – ಇದು ಪ್ರಕಟವಾದ ಯೋಜನೆ. ಲಿಡ್ಕರ್ ನಮ್ಮ ಸರ್ಕಾರದ್ದೇ ನಿಗಮ. ಇಂಥ ಆರ್ಡರಿನಲ್ಲಿ ಅದು ಮೂರು ಷರತ್ತು ಹಾಕಲಿ. ಹದ, ಕತ್ತರಿ, ಹೊಲಿಗೆ, ವೇಣಿ – ಒಂದೊಂದಕ್ಕೂ ಬೇರೆ ಕೂಲಿ ಬರೆದಿಟ್ಟು, ಮಾಡಿದವರ ಖಾತೆಗೇ ಜಮಾ ಆಗಬೇಕು. ಅಥಣಿ, ಕಾಗವಾಡ, ರಾಯಬಾಗ ತಾಲ್ಲೂಕುಗಳಿಗೆ ಹತ್ತಿರವಾಗಿ, ಕೊಳೆನೀರು ಶುದ್ಧಮಾಡುವ ಏರ್ಪಾಡಿರುವ ಸಾಮೂಹಿಕ ಹದಶಾಲೆ ಬರಬೇಕು. ಆಗ ಕೆಟ್ಟ ತೊಗಲನ್ನು ಸೈಕಲ್ ಮೇಲೆ ಹೇರಿಕೊಂಡು ಹೋಗಿ ಮರಳಿಸಬಹುದು. ಪ್ರತಿ ಜೋಡಿಯ ಚೀಟಿಯ ಮೇಲೆ ಊರಿನ ಹೆಸರಿನ ಜೊತೆಗೆ, ಒಪ್ಪಿಗೆ ಕೊಟ್ಟ ತಂಡದ ಎಲ್ಲರ ಹೆಸರೂ ಇರಬೇಕು.

ನನ್ನ ತೀರ್ಮಾನ ಇಷ್ಟು. ಅಥಣಿಯ ತಂಡದ ಕಸುಬು ಗಂಡಸರ ಉಡುಗೆ ತೊಡುಗೆಯ ಲೋಕಕ್ಕೆ ನಮ್ಮ ನಾಡು ಕೊಟ್ಟ ಉತ್ತಮ ಕೆಲಸದ ಕ್ರಮಗಳಲ್ಲಿ ಒಂದು. ಕೈಗಳು ಹತ್ತಿರ ಇದ್ದಾಗ, ಒಬ್ಬರನ್ನೊಬ್ಬರು ತಿದ್ದಿದಾಗ ಅದು ಯಾವ ದೊಡ್ಡ ಕಾರ್ಖಾನೆಗೂ ಸಾಟಿಯಾಗಬಲ್ಲ ಮಾಲು ಕೊಟ್ಟಿದೆ. ಅದು ಸೋತದ್ದು ಪರಿಣತಿಯಲ್ಲಲ್ಲ, ಪಾಲು ಹಂಚಿಕೆಯಲ್ಲಿ. ಪರಿಣತಿಯನ್ನು ಓಣಿಯ ಮಂದಿ ತಲೆಮಾರುಗಳಿಂದ ಕಾದುಕೊಂಡು ಬಂದಿದ್ದಾರೆ. ಪಾಲನ್ನು ಸರಿಮಾಡುವ ಹೊಣೆ ಕೊಳ್ಳುವವರದು, ಮಾರುವವರದು, ಸರ್ಕಾರದ್ದು. ಆ ಹೊಣೆ ಹೊರದೆ ಜಿಐ ಚೀಟಿ ತೋರಿಸಿ ಹೆಮ್ಮೆ ಪಡುವ ಹಕ್ಕು ನಮಗೆ ಯಾರಿಗೂ ಇಲ್ಲ.