ಒಂದೇ ಮಾತಿನವರಿಗೆ ನಮ್ಮ ಮತ

'ದಿ ಸಿಂಪ್ಸನ್ಸ್' ಅಭಿಮಾನಿಗಳು ನಾಲ್ಕು ಜನ ಸೇರಿದರೆ ಒಂದು ಚುನಾವಣೆ ನಡೆದೇ ನಡೆಯುತ್ತದೆ. ಹೋಮರ್, ಮಾರ್ಜ್, ಬಾರ್ಟ್, ಲೀಸಾ, ಮ್ಯಾಗಿ ಎಂಬ ನಾಯಕ ಕುಟುಂಬದ ಈ ಐವರಿಗೆ ಅದರಲ್ಲಿ ಸ್ಪರ್ಧಿಸುವ ಅವಕಾಶವಿಲ್ಲ. ಕಣದಲ್ಲಿರುವವರು ಸ್ಪ್ರಿಂಗ್‌ಫೀಲ್ಡ್ ಊರಿನ ಉಳಿದ ಮಂದಿ: ಕೇಸು ಗೆಲ್ಲುವುದೇ ಅಪರೂಪವಾದ ವಕೀಲ ಲಯನೆಲ್ ಹಟ್ಸ್, ಏನನ್ನೂ ಮಾರಲಾಗದ ಸೇಲ್ಸ್‌ಮನ್ ಗಿಲ್, ಡಿಸ್ಕೊ ಕಾಲ ಮುಗಿದದ್ದನ್ನು ಒಪ್ಪದ ಸ್ಟೂ. 1989ರ ಡಿಸೆಂಬರಿನಲ್ಲಿ ಶುರುವಾದ ಅಮೆರಿಕದ ಕಾರ್ಟೂನ್ ಸರಣಿ ಇದು. ಇಷ್ಟು ವರ್ಷಗಳಲ್ಲಿ ಒಂದು ಪೂರ್ತಿ ಊರೇ ಅದರೊಳಗೆ ಬೆಳೆದಿದೆ. ಆ ಊರಿನಲ್ಲಿ ನಿಮಗೆ ಯಾರು ಇಷ್ಟ ಎಂದು ಕೇಳಿದರೆ, ನೀವು ಎಂಥ ವೀಕ್ಷಕರು ಎಂಬುದು ಉತ್ತರದಲ್ಲೇ ಗೊತ್ತಾಗುತ್ತದೆ.

ಈ ಮತದಾನವನ್ನು ನಾನು ಬರವಣಿಗೆಯ ಪರೀಕ್ಷೆಯೆಂದೇ ನೋಡುತ್ತೇನೆ. ನಾಯಕನಿಗೆ ಕಂತಿನುದ್ದಕ್ಕೂ ಜಾಗವಿದೆ. ತಪ್ಪಿದರೆ ತಿದ್ದಿಕೊಳ್ಳಲು ಮುಂದಿನ ದೃಶ್ಯವಿದೆ. ಚಿಕ್ಕ ಪಾತ್ರಕ್ಕೆ ಸಿಗುವುದು ಹತ್ತು ಸೆಕೆಂಡು. ಅಷ್ಟರಲ್ಲೇ ಅವನ ಹಿಂದಿನ ಬದುಕು ನಮಗೆ ಕಾಣಿಸಬೇಕು. ಕಂಡರೆ ಅದು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಬರಹಗಾರನ ಗೆಲುವು.

ಡಿಸ್ಕೊ ಸ್ಟೂ ಹುಟ್ಟಿದ ಬಗೆಯನ್ನೇ ನೋಡಿ. 1996ರ 'ಟೂ ಬ್ಯಾಡ್ ನೇಬರ್ಸ್' ಕಂತಿನಲ್ಲಿ ಹೋಮರ್ ಹಳೆಯ ಜಾಕೆಟ್ ಒಂದನ್ನು ಮಾರಾಟಕ್ಕಿಡುತ್ತಾನೆ. ಅದರ ಬೆನ್ನ ಮೇಲೆ 'ಡಿಸ್ಕೊ ಸ್ಟಡ್' ಎಂದು ಬರೆಯಲು ಹೊರಟು, ಜಾಗ ಸಾಲದೆ ಕೊನೆಯ ಅಕ್ಷರ ಬಿಟ್ಟುಹೋಗಿದೆ. ಸರಿಯಾಗಿ ಅದೇ ಹೆಸರಿನವನೊಬ್ಬ ಎದುರಿಗೆ ಬಂದು, ತನಗೆ ಜಾಹೀರಾತು ಬೇಕಿಲ್ಲವೆಂದು ಜಾಕೆಟ್ ನಿರಾಕರಿಸುತ್ತಾನೆ. ಒಂದು ನಗೆಗಾಗಿ ಬಂದ ಈ ಮನುಷ್ಯ ಊರಲ್ಲೇ ನೆಲೆಯೂರಿದ. ಮರುವರ್ಷ ಬಂದ ಗಿಲ್‌ನದೂ ಇದೇ ಕತೆ. ಒಂದು ಕಂತಿಗೆಂದು ಬರೆದಿದ್ದ ಆ ಕಂಗಾಲು ಮಾರಾಟಗಾರನನ್ನು ಬರಹಗಾರರಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಹಾಗಾದರೆ ಇಂಥವರಿಗೆ ಇನ್ನಷ್ಟು ಜಾಗ ಕೊಡಬಹುದಲ್ಲ? ಇಲ್ಲಿ ಎರಡು ಕಂತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಟ್ರಾಯ್ ಮೆಕ್ಲೂರ್ ಮಾರುಕಟ್ಟೆ ಕಳೆದುಕೊಂಡ ಸಿನಿಮಾ ನಟ. ಬಂದಾಗಲೆಲ್ಲ ತಾನು ಮಾಡಿದ ಎರಡು ಕೆಟ್ಟ ಚಿತ್ರಗಳ ಹೆಸರು ಹೇಳಿ ತನ್ನನ್ನು ಪರಿಚಯಿಸಿಕೊಳ್ಳುತ್ತಾನೆ. 1996ರ 'ಎ ಫಿಶ್ ಕಾಲ್ಡ್ ಸೆಲ್ಮಾ' ಅವನಿಗೇ ಮೀಸಲಾದ ಕಂತು. ಹೋದ ಹೆಸರು ಮರಳಿ ಬರಲೆಂದು ಅವನು ಮಾರ್ಜ್‌ಳ ಅಕ್ಕ ಸೆಲ್ಮಾಳನ್ನು ಮದುವೆಯಾಗುತ್ತಾನೆ. ಅದು ಗೆದ್ದಿತು, ಏಕೆಂದರೆ ಆ ಪರಿಚಯದ ಮಾತಿನಲ್ಲೇ ಅಡಗಿದ್ದ ಹಸಿವನ್ನು ಕಂತು ಹೊರಗೆಳೆದು ತೋರಿಸಿತು. ಮರುವರ್ಷದ 'ದಿ ಪ್ರಿನ್ಸಿಪಲ್ ಅಂಡ್ ದಿ ಪಾಪರ್' ಶಾಲೆಯ ಮುಖ್ಯಸ್ಥ ಸ್ಕಿನ್ನರ್‌ಗೂ ಹೊಸ ಪೂರ್ವಕಥೆ ಕೊಟ್ಟಿತು: ಅವನು ನಿಜವಾದ ಸ್ಕಿನ್ನರ್ ಅಲ್ಲ, ಬೇರೊಬ್ಬ ಸೈನಿಕನ ಹೆಸರು ಹೊತ್ತವನು! ಅಭಿಮಾನಿಗಳು ಸಿಟ್ಟಾದರು. ಸರಣಿಯ ಜನಕ ಮ್ಯಾಟ್ ಗ್ರೇನಿಂಗ್, ಸ್ಕಿನ್ನರ್‌ಗೆ ಕಂಠ ಕೊಟ್ಟ ಹ್ಯಾರಿ ಶಿಯರರ್ ಇಬ್ಬರೂ ಆ ಕಂತನ್ನು ಬಹಿರಂಗವಾಗಿಯೇ ಟೀಕಿಸಿದರು. ನಾವು ಕಂಡಿದ್ದನ್ನು ಹಿಗ್ಗಿಸಬಹುದು, ಕಂಡದ್ದೆಲ್ಲ ಸುಳ್ಳೆಂದರೆ ಪ್ರೀತಿಯೇ ನೆಲೆ ತಪ್ಪುತ್ತದೆ.

ಒಮ್ಮೆ ಚುನಾವಣೆ ಅಧಿಕೃತವಾಗಿಯೂ ನಡೆದಿದೆ. 2011ರ ಮೇ ತಿಂಗಳಲ್ಲಿ 22ನೇ ಸೀಸನ್ ಮುಗಿದಾಗ ಶಿಕ್ಷಕಿ ಎಡ್ನಾ ಕ್ರಬಾಪಲ್ ಮತ್ತು ನೆರೆಮನೆಯ ನೆಡ್ ಫ್ಲಾಂಡರ್ಸ್ ಜೋಡಿಯಾಗಿ ಉಳಿಯಬೇಕೇ ಎಂಬುದನ್ನು ವೀಕ್ಷಕರ ಮತಕ್ಕೆ ಬಿಟ್ಟರು. ಸೆಪ್ಟೆಂಬರಿನಲ್ಲಿ ಫಲಿತಾಂಶ ಬಂತು: ಉಳಿಯಲಿ. ನೆಡ್ ಹೆಂಡತಿಯನ್ನು ಕಳೆದುಕೊಂಡವನು, ಎಡ್ನಾ ಒಂಟಿತನದಲ್ಲಿ ಬೆಂದವಳು. ಜನ ಇಬ್ಬರಿಗೂ ಒಳ್ಳೆಯದನ್ನೇ ಬಯಸಿದರು. 2013ರ ಅಕ್ಟೋಬರಿನಲ್ಲಿ ಎಡ್ನಾಳ ದನಿಯಾಗಿದ್ದ ಮಾರ್ಷಾ ವಾಲೆಸ್ ತೀರಿಕೊಂಡರು. ಪಾತ್ರವನ್ನು ಇನ್ನೊಬ್ಬರಿಗೆ ವಹಿಸಲಿಲ್ಲ. 1998ರಲ್ಲಿ ಫಿಲ್ ಹಾರ್ಟ್‌ಮನ್ ಹೋದಾಗಲೂ ಅವರ ದನಿಯಲ್ಲಿದ್ದ ಹಟ್ಸ್ ಮತ್ತು ಮೆಕ್ಲೂರ್ ಇಬ್ಬರನ್ನೂ ಹೀಗೆಯೇ ನಿಲ್ಲಿಸಿದ್ದರು. ಬರೆದ ಗೆರೆಯಷ್ಟೇ ಆ ದನಿಯೂ ಪಾತ್ರವೆಂದು ಒಪ್ಪಿದ ನಿರ್ಧಾರಗಳಿವು. ಹಾಗಾಗಿ ಈ ಪಾತ್ರಗಳಿಗೆ ಬೀಳುವ ಪ್ರತಿ ಮತದಲ್ಲೂ ನಟರಿಗೆ ಪಾಲಿದೆ.

ನಮ್ಮವರು ಮತ ಹಾಕುವ ಮೊದಲು ಅಪು ಬಗ್ಗೆಯೂ ಯೋಚಿಸಬೇಕು. ಸತ್ಯಜಿತ್ ರೇ ಅವರ ಅಪು ಚಿತ್ರಗಳಿಂದ ಹೆಸರು ಪಡೆದ ಈ ಅಂಗಡಿಯಾತ 1990ರಲ್ಲೇ ಬಂದ. ಅವನ ದುಡಿಮೆ, ಮಂಜುಳಾ ಜೊತೆಗಿನ ಸಂಸಾರ, ಎಂಟು ಮಕ್ಕಳು ಎಲ್ಲವನ್ನೂ ಸರಣಿ ಆಮೇಲೆ ತುಂಬಿಕೊಟ್ಟಿತು. ಆದರೂ 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು ತಮ್ಮ ಸಾಕ್ಷ್ಯಚಿತ್ರದಲ್ಲಿ ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಗಿಲ್‌ನ ಮಾತು ಗಿಲ್ ಒಬ್ಬನದು. ಅಮೆರಿಕದ ಟೀವಿಯಲ್ಲಿ ಬೇರೆ ಭಾರತೀಯರೇ ಕಾಣದಿದ್ದ ಕಾಲದಲ್ಲಿ ಅಪುವಿನ ಉಚ್ಚಾರಣೆ ಒಂದು ಸಮುದಾಯದ ಮಕ್ಕಳೆಲ್ಲರ ತಲೆಗೆ ಕಟ್ಟಿದ ಮಾತಾಯಿತು. ಕಂಠ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಕೆಲಸ ಬಿಟ್ಟರು. ಸಂಕ್ಷೇಪ ವ್ಯಕ್ತಿಯನ್ನು ತೋರಿಸುವಾಗ ಕಲೆ. ಜನಾಂಗವನ್ನು ತೋರಿಸಹೊರಟರೆ ನೋವು. ಅಪುವನ್ನು ಪ್ರೀತಿಸುತ್ತಲೇ ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಹೊಸಬರಿಗೆ ಮತದಾನದ ಮುಂಚೆ ಒಂದು ಕಂತನ್ನು ಶಿಫಾರಸು ಮಾಡುತ್ತೇನೆ: 1996ರ '22 ಶಾರ್ಟ್ ಫಿಲ್ಮ್ಸ್ ಅಬೌಟ್ ಸ್ಪ್ರಿಂಗ್‌ಫೀಲ್ಡ್'. ನಾಯಕ ಕುಟುಂಬ ಬದಿಗೆ ಸರಿದು, ಊರಿನವರೇ ಸರದಿಯಲ್ಲಿ ಬಂದು ಹೋಗುವ ಕಂತು. ಸ್ಕಿನ್ನರ್ ತನ್ನ ಮೇಲಧಿಕಾರಿ ಚಾಮರ್ಸ್‌ನನ್ನು ಊಟಕ್ಕೆ ಕರೆದು, ಸುಳ್ಳಿನ ಮೇಲೆ ಸುಳ್ಳು ಪೇರಿಸುವ ಸುಮಾರು ಮೂರು ನಿಮಿಷಗಳ ಪ್ರಸಂಗ ಅದರಲ್ಲಿದೆ. ಚಿಕ್ಕವರಿಗೆ ಎಷ್ಟು ಜಾಗ ಕೊಟ್ಟರೆ ಚೆಂದ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ನನ್ನ ಮತ ಹಾನ್ಸ್ ಮೋಲ್‌ಮನ್‌ಗೆ. ಸುಕ್ಕುಬಿದ್ದ ಮೈ, ದಪ್ಪ ಕನ್ನಡಕ, ಕೋಲು. 1993ರ 'ಡಫ್‌ಲೆಸ್' ಕಂತಿನಲ್ಲಿ ಈ ಮುದುಕ ಎದ್ದುನಿಂತು, ಕುಡಿತದಿಂದ ಹಾಳಾದೆ, ನನಗೀಗ 31 ಎನ್ನುತ್ತಾನೆ. ನಗು ಬರುತ್ತದೆ, ಹಿಂದೆಯೇ ಕಳೆದುಹೋದ ಒಂದು ಯೌವನ ಕಣ್ಣಿಗೆ ಕಟ್ಟುತ್ತದೆ. ಕಂತಿನಿಂದ ಕಂತಿಗೆ ಅವನಿಗೆ ಅಪಘಾತ, ಸಾವು. ಮುಂದಿನ ಕಂತಿನಲ್ಲಿ ಅದೇ ಮೆಲುದನಿಯೊಂದಿಗೆ ಮತ್ತೆ ಹಾಜರು. ಹೋಮರ್‌ಗೆ ಕಂಠ ಕೊಡುವ ಡ್ಯಾನ್ ಕ್ಯಾಸ್ಟೆಲನೆಟಾ ಅವರದೇ ಈ ದನಿಯೂ. ಇವನಿಗೆ ಹೆಚ್ಚಿನ ಜಾಗ ಯಾರೂ ಕೊಡಬೇಕಿಲ್ಲ. ಸಿಕ್ಕಷ್ಟರಲ್ಲೇ ಅವನು ಪೂರ್ಣ. ನಿಮ್ಮ ಮತ ಯಾರಿಗಾದರೂ ಬೀಳಲಿ, ಅವರಾಡಿದ ಯಾವ ಒಂದು ಮಾತಿಗಾಗಿ ಎಂಬುದನ್ನು ಮಾತ್ರ ತಪ್ಪದೆ ಹೇಳಿ.